ಪ್ರತಿ: ಯಾದಗಿರಿಯ ಮಲೇರಿಯಾ ಚುಕ್ಕೆಗಳು ನಾರ್ವೆ ಹತ್ತಿರ ಬೀಳುತ್ತಿವೆ, ಕ್ಯೂಜಿಐಎಸ್ ಕೆಟ್ಟಿದೆಯಾ?

ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಕೆಟ್ಟಿಲ್ಲ. ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಯಾದಗಿರಿ ಇರುವುದು ಸುಮಾರು 16.77 ಉತ್ತರ, 77.14 ಪೂರ್ವದಲ್ಲಿ. ಇವನ್ನು ತಿರುಗಿಸಿ ಹಾಕಿದರೆ ಚುಕ್ಕೆ ನೇರ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹಕ್ಕೇ ಹೋಗುತ್ತದೆ. ಅಲ್ಲಿ ಸೊಳ್ಳೆಗಿಂತ ಹಿಮಕರಡಿ ಕಾಟ ಜಾಸ್ತಿ!

ಈಗಿನ ಲೇಯರ್ (ಚುಕ್ಕೆಗಳ ಪದರ) ತೆಗೆದುಹಾಕಿ. ನಿಮ್ಮ ಕೇಸ್ ಪಟ್ಟಿಯ ಸಿಎಸ್‌ವಿ ಫೈಲನ್ನು 'ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್' ಮೂಲಕ ಮತ್ತೆ ಸೇರಿಸಿ. ಎಕ್ಸ್ ಫೀಲ್ಡ್‌ಗೆ ರೇಖಾಂಶ, ವೈ ಫೀಲ್ಡ್‌ಗೆ ಅಕ್ಷಾಂಶ ಆರಿಸಿ. ಸಿಆರ್‌ಎಸ್ (ನಿರ್ದೇಶಾಂಕ ಪದ್ಧತಿ) ಇಪಿಎಸ್‌ಜಿ 4326, ಅಂದರೆ ಮಾಮೂಲಿ ಅಕ್ಷಾಂಶ-ರೇಖಾಂಶದ್ದೇ ಇರಲಿ.

ಇದಾದ ಮೇಲೂ ಊರುಗಳು ಒಂದಿಷ್ಟು ಪಕ್ಕಕ್ಕೆ ಜಾರಿದ್ದರೆ, ನಿಮ್ಮ ಫೈಲ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನ್ನ ಅನುಮಾನ ನಿಮಿಷಗಳ ಮೇಲೆ. 16 ಡಿಗ್ರಿ 46 ನಿಮಿಷವನ್ನು ಸುಮ್ನೆ 16.46 ಎಂದು ಬರೆದರೆ ಚುಕ್ಕೆ 30 ಕಿ.ಮೀ.ಗಿಂತ ಜಾಸ್ತಿ ದಕ್ಷಿಣಕ್ಕೆ ಇಳಿಯುತ್ತದೆ. 46ನ್ನು 60ರಿಂದ ಭಾಗಿಸಿ, 16ಕ್ಕೆ ಕೂಡಿಸಿ. ನಾನೂ ಒಮ್ಮೆ ಹೀಗೇ ಮಾಡಿ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದಲ್ಲಿ ಚುಕ್ಕೆ ಕಂಡರೆ ಆ ಸಾಲಿನಲ್ಲಿ ಅಕ್ಷಾಂಶ, ರೇಖಾಂಶ ಎರಡೂ ಕಡೆ ಸೊನ್ನೆ ಇದೆ ಅಂತ ಅರ್ಥ. ಅದನ್ನು ಅಳಿಸಬೇಡಿ, ಕೇಸ್ ಲೆಕ್ಕ ತಪ್ಪುತ್ತದೆ. ಊರಿನ ಹೆಸರು ನೋಡಿ ಸರಿಪಡಿಸಿ.

ಊರುವಾರು ಬಣ್ಣ ತುಂಬುವಾಗ ಬರೀ ಕೇಸ್ ಸಂಖ್ಯೆ ಬಳಸಬೇಡಿ, ದೊಡ್ಡ ಊರೆಲ್ಲ ಕೆಂಪಾಗಿ ಕಾಣುತ್ತದೆ. ವರ್ಷದ ಖಚಿತ ಕೇಸ್‌ಗಳನ್ನು ಜನಸಂಖ್ಯೆಯಿಂದ ಭಾಗಿಸಿ 1000ದಿಂದ ಗುಣಿಸಿ. ಎಪಿಐ (ಸಾವಿರ ಜನರಿಗೆ ವರ್ಷಕ್ಕೆ ಎಷ್ಟು ಮಲೇರಿಯಾ ಕೇಸ್ ಎಂಬ ಸೂಚ್ಯಂಕ) ಅನ್ನುವುದು ಅದೇ. ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದೇ ಸಾಲಿನ ಕೆಲಸ. ಹಂಚುವ ಮುಂಚೆ ರೋಗಿಗಳ ಹೆಸರಿನ ಕಾಲಂ ತೆಗೆದುಬಿಡಿ.