ಸಂಪಾದಕರ ಉತ್ತರ: ಸೂಜಿಯ ಮೇಲೆ ಹೊರಿಸಬೇಡಿ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ತಿಂಗಳು ಕಿಣ್ವ, ಪ್ರೋಟೀನು ಎಂದು ನಾಲ್ಕು ಪುಟ ತುಂಬಿಸಿದಿರಿ. ಯಾರಿಗೆ ಅರ್ಥವಾಗುತ್ತದೆ? ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಊರೆಲ್ಲ ಹೇಳುತ್ತದೆ. ನನ್ನ ತಂಗಿಗೆ ಬಯಾಪ್ಸಿ ಬೇಡವೆಂದು ಮನೆಯವರೆಲ್ಲ ಕೂತಿದ್ದೇವೆ. ಇದರ ಬಗ್ಗೆ ಬರೆಯಿರಿ."

ಮಾರಾಯರೇ, ತಂಗಿಯ ಮೇಲೆ ನಿಮಗೆಷ್ಟು ಜೀವ ಎಂಬುದು ಪತ್ರದಲ್ಲೇ ಕಾಣುತ್ತದೆ. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬಯಾಪ್ಸಿ ಎಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ಉಳಿಯುವುದು ಉಂಟು, ತೀರ ಅಪರೂಪಕ್ಕೆ. ವೃಷಣದ ಗಡ್ಡೆಗೆ ಡಾಕ್ಟರರು ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಎಲ್ಲಿ ಚುಚ್ಚಬಾರದು ಎಂಬುದು ಅವರಿಗೆ ಗೊತ್ತು. ನಿಮ್ಮ ಊರಿನ ಮಾತಿನಲ್ಲಿರುವ ನಿಜ ಇಷ್ಟೇ.

ನನ್ನ ಅತ್ತಿಗೆಗೆ ಎದೆಯಲ್ಲಿ ಗಂಟು ಸಿಕ್ಕಿತ್ತು. ನನ್ನ ಹೆಂಡತಿ ಮುಟ್ಟಿ ನೋಡಿ ಬಂದು, "ಹುಣಸೆ ಬೀಜದ ಹಾಗೆ, ಅಷ್ಟು ಗಟ್ಟಿ" ಎಂದಳು. ಸೂಜಿಯ ಹೆದರಿಕೆಗೆ ಲೇಪ, ಕಷಾಯ ಎಂದು ಎಂಟು ತಿಂಗಳು ಊರಲ್ಲೇ ಕಳೆದರು. ಮುಂಬಯಿಗೆ ಬರುವಾಗ ಕಂಕುಳಲ್ಲೂ ಗಂಟು. ಯಾರೂ ಚುಚ್ಚಿರಲಿಲ್ಲ, ಯಾರೂ ಕೊಯ್ದಿರಲಿಲ್ಲ. ಅತ್ತಿಗೆ ಈಗಿಲ್ಲ.

ಹಾಗಾದರೆ ಅದು ಹರಡಿದ್ದು ಹೇಗೆ? ಆ ನಾಲ್ಕು ಪುಟ ಬರೆದದ್ದೇ ಇದಕ್ಕೆ.

ಗಂಟಿನ ಗಟ್ಟಿತನವನ್ನೇ ನೋಡಿ. ಕೋಶಗಳ ಸುತ್ತ ಕೊಲಾಜನ್ ಎಂಬ ನಾರು ಇರುತ್ತದೆ. ದೇಹದ ರಾಸಾಯನಿಕ ಕೆಲಸಗಳನ್ನು ಚುರುಕಾಗಿಸುವ ಪ್ರೋಟೀನುಗಳೇ ಕಿಣ್ವಗಳು. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಆ ನಾರುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಚರ್ಮ, ಮೂಳೆ ಬಿಗಿಯಾಗಿರಲು ಅದು ಬೇಕೇ ಬೇಕು. ಆದರೆ ಗಡ್ಡೆಯೊಳಗೆ ಆಮ್ಲಜನಕ ಸಾಲದೆ ಹೋದಾಗ ಕ್ಯಾನ್ಸರ್ ಕೋಶ ಇದನ್ನು ಜಾಸ್ತಿ ತಯಾರಿಸುತ್ತದೆ. ಬಿಡಿ ನಾರು ಹುರಿ ಹಗ್ಗವಾಗುತ್ತದೆ. ಬೆರಳಿಗೆ ಗಂಟು ಗಟ್ಟಿಯಾಗಿ ಸಿಗುವುದರಲ್ಲಿ ಇದರ ಪಾಲಿದೆ. ಕೋಶಗಳು ಹೊರಗೆ ನುಸುಳುವುದೂ ಇಂಥ ಹಗ್ಗಗಳ ಗುಂಟ.

ಕಿಣ್ವಗಳ ಇನ್ನೊಂದು ಕೆಲಸ ಇನ್ನೂ ಸೂಕ್ಷ್ಮ. ನಮ್ಮ ಕೋಶಗಳು ಕೈ ಕೈ ಹಿಡಿದು ನಿಂತಿರುತ್ತವೆ. ಆ ಕೈ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಸಾರ್ಕ್ ಎಂಬ ಕಿಣ್ವ ಅದರ ಮೇಲೆ ಫಾಸ್ಫೇಟ್ ಎಂಬ ಸಣ್ಣ ರಾಸಾಯನಿಕ ತುಣುಕಿನ ಬೊಟ್ಟು ಇಡುತ್ತದೆ. ಬೊಟ್ಟು ಕಂಡ ಮತ್ತೊಂದು ಕಿಣ್ವ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. ಚೀಟಿ ಬಿದ್ದ ಕೈಯನ್ನು ಕೋಶ ಒಳಗೆಳೆದುಕೊಂಡು ಅರಗಿಸಿಬಿಡುತ್ತದೆ. ಹಿಡಿತ ತಪ್ಪಿದ ಕೋಶ ಹೊರಡುತ್ತದೆ. ಇದೆಲ್ಲ ಸೂಜಿ ಹತ್ತಿರ ಬರುವ ಮೊದಲೇ ಶುರುವಾಗಿರಬಹುದು.

ಇದನ್ನೆಲ್ಲ ಕಂಡುಕೊಂಡ ಬಗೆಯೂ ಚಂದ. 1962ರಲ್ಲಿ ಗ್ರಾಸ್ ಮತ್ತು ಲ್ಯಾಪಿಯೆರ್ ಎಂಬ ವಿಜ್ಞಾನಿಗಳು ಗೊದಮೊಟ್ಟೆಯ ಬಾಲ ಹೇಗೆ ಕರಗುತ್ತದೆ ಎಂದು ನೋಡಹೋಗಿ ಕೊಲಾಜನ್ ಕತ್ತರಿಸುವ ಕಿಣ್ವ ಕಂಡರು. ಕ್ಯಾನ್ಸರ್ ಕೋಶಕ್ಕೆ ಸುತ್ತಲಿನ ನಾರಿನ ಬೇಲಿ ಕತ್ತರಿಸಿಕೊಡುವುದು ಅದೇ ಬಳಗದ ಕಿಣ್ವಗಳು. ಯುಬಿಕ್ವಿಟಿನ್ ಚೀಟಿಯ ಗುಟ್ಟು ಬಿಡಿಸಿದ ಮೂವರಿಗೆ 2004ರಲ್ಲಿ ನೊಬೆಲ್ ಬಂತು. ಫಾಸ್ಫೇಟ್ ಅಂಟಿಸುವ ಒಂದು ಕಿಣ್ವವನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಿಂದ ಒಂದು ಬಗೆಯ ರಕ್ತದ ಕ್ಯಾನ್ಸರಿನವರ ಬದುಕನ್ನೇ ಬದಲಿಸಿದೆ.

ಯಾರಿಗೆ ಅರ್ಥವಾಗುತ್ತದೆ ಎಂದಿರಿ. ಈ ಮಾತು ಮಾತ್ರ ನನಗೆ ಚುಚ್ಚಿತು. ಕಿಣ್ವ ಎಂದರೆ ಹುದುಗು ಬರಿಸುವ ವಸ್ತು. ಎನ್ಜೈಮ್ ಎಂಬ ಪದದ ಗ್ರೀಕ್ ಮೂಲಕ್ಕೂ 'ಹುದುಗಿನೊಳಗೆ' ಎಂದೇ ಅರ್ಥ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಉಬ್ಬುವುದನ್ನು ಹೋಟೆಲಿನಲ್ಲಿ ದಿನವೂ ನೋಡಿದವರಿಗೆ ಇದು ಹೊರಗಿನ ಮಾತೇ? ಹಗಲೆಲ್ಲ ಟೇಬಲ್ ಒರೆಸಿ, ಕನ್ನಡದ ರಾತ್ರಿ ಶಾಲೆಯಲ್ಲಿ ಬೀಜಗಣಿತ ಕಲಿತ ಹಿರಿಯರು ಈ ಮುಂಬಯಿಯಲ್ಲಿದ್ದಾರೆ. ಅವರ ಮಕ್ಕಳಿಗೆ ಯಾಕೆ ಅರ್ಥವಾಗುವುದಿಲ್ಲ? ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ಖಾನೋಲ್ಕರ್, ಕಮಲ್ ರಣದಿವೆಯಂಥ ವಿಜ್ಞಾನಿಗಳು ಕ್ಯಾನ್ಸರ್ ಬಗ್ಗೆ ದುಡಿದ ಊರು ಇದು. ಆದರೂ ನಮಗೆ ಕ್ಯಾನ್ಸರ್ ಪಾಠ ಹೇಳುವುದು ವಾಟ್ಸಾಪ್! ನಮ್ಮ ಸಂಘಗಳಲ್ಲಿ ಶಾಲು ಹಾರಕ್ಕೆ ವರ್ಷವಿಡೀ ಪುರುಸೊತ್ತು ಇದೆ. ಡಾಕ್ಟರರೊಬ್ಬರನ್ನು ಕರೆಸಿ ಕನ್ನಡದಲ್ಲಿ ಒಂದು ಸಂಜೆ ಮಾತಾಡಿಸಲು ಇಲ್ಲ. ರಿಪೋರ್ಟಿನಲ್ಲಿ ಏನಿದೆ ಎಂದು ತಿಳಿಯದೆ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಎದೆಗವಚಿಕೊಂಡು ಕೂತ ನಮ್ಮವರನ್ನು ಪರೇಲಿನ ಫುಟ್‌ಪಾತಿನಲ್ಲಿ ಎಷ್ಟು ಸಲ ನೋಡಿದ್ದೇನೆ!

ತಂಗಿಗೆ ಬಯಾಪ್ಸಿ ಮಾಡಿಸಿ. ತಡ ಬೇಡ. ಮನೆಯಲ್ಲಿ ಒಪ್ಪದವರಿದ್ದರೆ ಅವರನ್ನೂ ಕರೆದುಕೊಂಡು ನಮ್ಮ ಕಚೇರಿಗೆ ಬನ್ನಿ, ಕೂತು ಮಾತಾಡೋಣ. ಆಸ್ಪತ್ರೆಗೆ ಜೊತೆಗೆ ಒಬ್ಬರು ಬೇಕೆಂದರೆ ನಾನೇ ಬರುತ್ತೇನೆ.