7 ಇಂಚು ಸ್ಲ್ಯಾಬ್ ಹಾಕಿಸಿದ್ರೆ ಮೇಲಿನ ಮನೆ ತಂಪಾಗಿರತ್ತಾ?

ಬ್ಯಾಡ್ರೀ. ಗೌಂಡಿ ಹೇಳ್ದ ಅಂತ 5 ಇಂಚಿನ ಸ್ಲ್ಯಾಬನ್ನ 7 ಇಂಚು ಮಾಡ್ಸೋಕೆ ಹೊರಟಿದೀರಲ್ಲ, ನಾನು ಥೇಟ್ ಇದನ್ನೇ ಮಾಡಿದವನು, ಅದೂ ಇಂಜಿನಿಯರ್ರು ಬೇಡ ಬೇಡ ಅಂದ್ರೂ ಹಠ ಹಿಡಿದು.

ನಮ್ಮದು ಕಲಬುರಗಿ. ಮೇ ತಿಂಗಳಲ್ಲಿ 42 ಡಿಗ್ರಿ ಅಂದ್ರೆ ಇಲ್ಲಿ ಯಾರೂ ತಲೆ ಎತ್ತಿ ನೋಡಲ್ಲ. ಹಳ್ಳಿಯಲ್ಲಿ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆ ಇತ್ತು, ತೊಲೆ, ಜಂತಿ, ಅದರ ಮೇಲೆ ಒಂದೂವರೆ ಅಡಿ ಮಣ್ಣು, ಮಟಮಟ ಮಧ್ಯಾಹ್ನ ಒಳಗೆ ಕಾಲಿಟ್ರೆ ಬಾವಿಗೆ ಇಳಿದಂಗೆ ಇರ್ತಿತ್ತು. ಅದನ್ನ ನೋಡಿ ಬೆಳೆದ ನನ್ನ ತಲೆಯಲ್ಲಿ ಉಳಿದಿದ್ದು ಒಂದೇ, ದಪ್ಪ ಇದ್ರೆ ತಂಪು. ಊರಲ್ಲಿ ಮೇಲಿನ ಮನೆ ಕಟ್ಟಿಸುವಾಗ ಇಂಜಿನಿಯರ್ರು ನಾಲ್ಕೂವರೆ ಇಂಚು ಸಾಕು, ಉಳಿದ ದುಡ್ಡನ್ನ ಟೆರೇಸಿಗೆ ಹಾಕ್ರಿ ಅಂದ್ರು. ನಾನು 6 ಇಂಚು ಹಾಕ್ಸಿದೆ. 900 ಚದರಡಿಗೆ ಹೆಚ್ಚುವರಿ ಕಾಂಕ್ರೀಟ್ ತೂಕನೇ ಸುಮಾರು ಏಳೂವರೆ ಟನ್, ಗೋಡೆ, ಕಾಲಮ್ಮು ಎಲ್ಲಾ ಅದನ್ನ ಸುಮ್ನೆ ಹೊತ್ಕೊಂಡು ನಿಂತಿವೆ.

ಮೊದಲ ಬೇಸಿಗೆ ಮಧ್ಯಾಹ್ನ 2 ಗಂಟೆಗೆ ಪರವಾಗಿಲ್ಲ ಅನ್ನೋ ಹಂಗಿತ್ತು. ಇಂಜಿನಿಯರ್ರಿಗೆ ಫೋನ್ ಹಚ್ಚಿ ನೋಡ್ರಿ ಸರ್ ನಾ ಹೇಳಿರಲಿಲ್ವಾ ಅಂತ ಹೇಳಿಯೂ ಬಿಟ್ಟೆ. ಅದೇ ದಿನ ರಾತ್ರಿ 8ಕ್ಕೆ ಊಟ ಮಾಡಿ ಮಲಗೋಕೆ ಹೋದ್ರೆ ಮೇಲಿಂದ ಝಳ, ಫ್ಯಾನ್ ಹಚ್ಚಿದ್ರೆ ಸೀಲಿಂಗಿಗೆ ಅಂಟಿದ್ದ ಬಿಸಿ ಗಾಳಿಯನ್ನೇ ಮುಖಕ್ಕೆ ತಂದು ಹೊಡೀತಿತ್ತು, ಹೊರಗೆ ಅಂಗಳದಲ್ಲಿ ತಂಗಾಳಿ, ಒಳಗೆ ಒಲೆ. ನಮ್ಮವ್ವ ಹಾಸಿಗೆ ಸುತ್ಕೊಂಡು ಕೆಳಗೆ ಹೋಗ್ತಾ ಹೇಳಿದ್ಲು, "ಇದು ಮನಿ ಅಲ್ಲೋ ತಮ್ಮಾ, ರೊಟ್ಟಿ ಹಂಚು. ಒಲಿ ಆರಿಸಿದ್ರೂ ಹಂಚು ಆರಂಗಿಲ್ಲ."

ಎಲ್ಲಾ ಇದ್ರಲ್ಲೇ ಇದೆ ನೋಡ್ರಿ. ನನಗೆ ಅರ್ಥ ಆಗೋಕೆ ಇನ್ನೊಂದು ಬೇಸಿಗೆ ಬೇಕಾಯ್ತು. ಆನ್‌ಲೈನಲ್ಲಿ ಒಂದು ಇನ್‌ಫ್ರಾರೆಡ್ ಗನ್ (ಮುಟ್ಟದೇ ದೂರದಿಂದಲೇ ಬಿಸಿ ಅಳೆಯೋದು) ತರಿಸಿ ಹುಚ್ಚನ ಥರ ಅಳೆಯೋಕೆ ಶುರು ಮಾಡಿದೆ. ಮಧ್ಯಾಹ್ನ 2ಕ್ಕೆ ಟೆರೇಸ್ ಮೇಲ್ಮೈ 58, ಕೆಳಗೆ ಸೀಲಿಂಗು 37. ಸಂಜೆ 7ಕ್ಕೆ ಸೀಲಿಂಗು 43. ರಾತ್ರಿ 11ಕ್ಕೂ 40. ಅಂದ್ರೆ ನಾನು ಬಿಸಿಲನ್ನ ತಡೆದಿರಲಿಲ್ಲ, ಮಧ್ಯಾಹ್ನದ ಬಿಸಿಲನ್ನ ಜೋಪಾನವಾಗಿ ಎತ್ತಿಟ್ಟು ರಾತ್ರಿ ಮಲಗೋ ಹೊತ್ತಿಗೆ ಬಡಿಸ್ತಿದ್ದೆ.

ಶಾಖ ತಡೆಯೋದೇ ಬೇರೆ, ಶಾಖ ತುಂಬಿಟ್ಕೊಳ್ಳೋದೇ ಬೇರೆ. ನಾನು ಎರಡನ್ನೂ ಒಂದೇ ಅಂದ್ಕೊಂಡಿದ್ದೆ, ತಪ್ಪಾಗಿದ್ದು ಅಲ್ಲೇ. ಕಾಂಕ್ರೀಟು ತಡೆಯೋದ್ರಲ್ಲಿ ದಡ್ಡ, ತುಂಬಿಟ್ಕೊಳ್ಳೋದ್ರಲ್ಲಿ ಭೂಪ. 10×12 ರೂಮಿನ ಮೇಲಿನ 6 ಇಂಚು ಸ್ಲ್ಯಾಬು ಸುಮಾರು 4 ಟನ್ ತೂಗತ್ತೆ, ಅದನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಹತ್ತತ್ರ ಒಂದು ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಸೂರ್ಯ ಅದನ್ನ ಹಗಲೆಲ್ಲಾ ಕಾಯಿಸಿ 10 ಡಿಗ್ರಿ ಏರಿಸಿದ್ರೆ ಹತ್ತು ಯೂನಿಟ್ ಒಳಗೆ ಸೇರ್ತು. 1000 ವ್ಯಾಟಿನ ಕಾಯಿಲ್ ಹೀಟರನ್ನ ಹತ್ತು ಗಂಟೆ ಉರಿಸಿದಂಗೆ. ಒಂದಿಷ್ಟು ರಾತ್ರಿ ಆಕಾಶಕ್ಕೆ ಹೋಗತ್ತೆ ಒಪ್ತೀನಿ, ಉಳಿದದ್ದು ನಿಮ್ಮ ತಲೆ ಮೇಲೇ.

ಮತ್ತೆ ಅಜ್ಜನ ಮಾಳಿಗೆ ಯಾಕೆ ತಂಪಿತ್ತು ಅಂತೀರಾ? ಹಗಲು-ರಾತ್ರಿಯ ಬಿಸಿಯ ಏರಿಳಿತ ಕಾಂಕ್ರೀಟಲ್ಲಿ ಐದೂವರೆ ಇಂಚು ದಾಟೋ ಹೊತ್ತಿಗೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇನ್ನೂ ಉಳಿದಿರತ್ತೆ, 6 ಇಂಚು ದಾಟಿ ಬರೋಕೆ ನಾಲ್ಕು ಗಂಟೆ ಹಿಡಿಯತ್ತೆ, ಅಂದ್ರೆ ಮಧ್ಯಾಹ್ನದ್ದು ಸಂಜೆಗೆ. ಮಣ್ಣು ಕಾಂಕ್ರೀಟಿಗಿಂತ ನಿಧಾನ, ಅದೂ ಒಂದೂವರೆ ಅಡಿ ಇದ್ರೆ ಆ ಏರಿಳಿತ ಒಳಗೆ ಮುಟ್ಟೋಷ್ಟರಲ್ಲಿ ಸತ್ತೇ ಹೋಗಿರತ್ತೆ. ದಪ್ಪ ಕೆಲಸ ಮಾಡಬೇಕಂದ್ರೆ ಅಷ್ಟು ದಪ್ಪ ಬೇಕು. 6, 7 ಇಂಚು ಅನ್ನೋದು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ, ಬಿಸಿ ತಲುಪೋ ಟೈಮನ್ನ ಮಾತ್ರ ತಡ ಮಾಡತ್ತೆ.

ತಡೆಯೋಕೆ ಬೇಕಾಗಿರೋದು ತೂಕ ಅಲ್ಲ, ಸಿಕ್ಕಿಹಾಕ್ಕೊಂಡ ಗಾಳಿ. ಥರ್ಮಾಕೋಲ್ ಅಂದ್ರೆ ಅದೇ. 2 ಇಂಚು ಥರ್ಮಾಕೋಲ್ ತಡೆಯೋಷ್ಟು ಶಾಖವನ್ನ ಕಾಂಕ್ರೀಟಲ್ಲಿ ತಡೀಬೇಕಂದ್ರೆ ಏಳಡಿ ದಪ್ಪದ ಸ್ಲ್ಯಾಬು ಹಾಕ್ಸಬೇಕು. ನಿಮ್ಮ ಗೌಂಡಿಗೆ ಇದನ್ನ ಹೇಳಿ, ನಗ್ತಾನೆ, ನಗಲಿ.

ಒಳಗಡೆ ಪಿಒಪಿ ಫಾಲ್ಸ್ ಸೀಲಿಂಗ್ ಹಾಕ್ಸಿ ಅದರೊಳಗೆ ಥರ್ಮಾಕೋಲ್ ಇಡ್ಲಾ ಅಂತಾನೂ ಕೇಳಿದೀರಿ. ಉಪಯೋಗವೇ ಇಲ್ಲ ಅಂತ ಹೇಳಲ್ಲ, ಸ್ವಲ್ಪ ತಡೆಯತ್ತೆ, ಆದ್ರೆ ಸ್ಲ್ಯಾಬು ಬಿಸಿಲಲ್ಲೇ ಉಳಿದು ದಿನಾ ಹಿಗ್ಗಿ ಕುಗ್ಗಿ ಬಿರುಕು ಬಿಡ್ತಾ ಇರತ್ತೆ, ಬೆಂಕಿ ಭಯ ಬೇರೆ. ಕೊಡೆಯನ್ನ ಅಂಗಿ ಒಳಗೆ ಹಿಡಿದಂಗೆ ಅದು. ಸಂಜೆ ನೀರು ಹೊಯ್ಯೋದು? 15 ಲೀಟರಿನ ಒಂದು ಕೊಡ ಪೂರ್ತಿ ಆವಿ ಆದ್ರೆ ಸುಮಾರು ಆ ಹತ್ತು ಯೂನಿಟ್ ಶಾಖವನ್ನೇ ಹೊತ್ಕೊಂಡು ಹೋಗತ್ತೆ, ಲೆಕ್ಕ ಚೆನ್ನಾಗೇ ಇದೆ, ಆದ್ರೆ ಹೊಯ್ದ ನೀರಲ್ಲಿ ಅರ್ಧ ಪೈಪಲ್ಲಿ ಹರಿದು ಹೋಗತ್ತೆ, ಮೇ ತಿಂಗಳಲ್ಲಿ ನಲ್ಲಿ ನೀರು ಬರೋ ದಿನ ಎಣಿಸೋ ಊರಲ್ಲಿ ಈ ಚೈನಿ ಯಾರಿಗೆ ಬೇಕು.

ನಾನು ಕೊನೆಗೆ ಮಾಡ್ಸಿದ್ದು ಇಷ್ಟು. ಟೆರೇಸಿಗೆ ವಾಟರ್‌ಪ್ರೂಫಿಂಗು, ಎರಡು ದಿನ ನೀರು ಕಟ್ಟಿ ನಿಲ್ಸಿ ಸೋರಲ್ಲ ಅಂತ ಖಾತ್ರಿ ಮಾಡ್ಕೊಂಡು, ಅದರ ಮೇಲೆ 2 ಇಂಚಿನ ಎಕ್ಸ್‌ಪಿಎಸ್ ಶೀಟು (ಥರ್ಮಾಕೋಲ್ ಜಾತಿಯದೇ ಗಟ್ಟಿ ಫೋಮು; ಸಾದಾ ಥರ್ಮಾಕೋಲ್ ಬೇಡ, ಕಾಲಿಟ್ರೆ ತಗ್ಗತ್ತೆ, ನೀರೂ ಹೀರತ್ತೆ), ಜಾಳಿಗೆ ಹಾಕಿ ಕಾಂಕ್ರೀಟು, ಮೇಲೆ ಬಿಳಿ ಚೈನಾ ಚಿಪ್ಸು, ಅಂದ್ರೆ ಒಡೆದ ಟೈಲ್ಸ್ ಚೂರು. ಬಿಳಿ ಯಾಕಂದ್ರೆ ಬಂದ ಬಿಸಿಲಲ್ಲಿ ಬಹುಪಾಲು ಅಲ್ಲಿಂದಲೇ ವಾಪಸ್ಸು. ಈಗ ಸಂಜೆ 7ಕ್ಕೆ ಸೀಲಿಂಗು 36. ತಮಾಷೆ ಅಂದ್ರೆ ನನ್ನ ಆ 6 ಇಂಚು ಈಗ ಸ್ವಲ್ಪ ಕೆಲಸಕ್ಕೆ ಬಂತು, ಬಿಸಿಲು ಮುಟ್ಟದೇ ಇರೋ ಕಾಂಕ್ರೀಟು ರಾತ್ರಿ ಕಿಟಕಿ ತೆಗೆದಿಟ್ರೆ ತಂಪು ತುಂಬ್ಕೊಳ್ಳತ್ತೆ, ಬೆಳಿಗ್ಗೆ 9ಕ್ಕೆ ಕಿಟಕಿ ಮುಚ್ಚಿಬಿಡ್ತೀವಿ. ಅದಕ್ಕೆ ನಾಲ್ಕೂವರೆ ಇಂಚೇ ಧಾರಾಳ ಆಗ್ತಿತ್ತು ಅನ್ನೋದು ಬೇರೆ ಮಾತು. ಇಂಜಿನಿಯರ್ರಿಗೆ ಮಾತ್ರ ಇನ್ನೂ ಫೋನ್ ಮಾಡಿಲ್ಲ.

ಮೆಟ್ಟಿಲ ಮೇಲಿನ ಪುಟ್ಟ ಸ್ಲ್ಯಾಬಿಗೆ ಶೀಟು ಸಾಲಲಿಲ್ಲ, ಹಂಗೇ ಬಿಟ್ಟಿದೀವಿ. ನಂಬಿಕೆ ಬರದಿದ್ರೆ ಬನ್ನಿ, ರಾತ್ರಿ 9ಕ್ಕೆ ಮೊದಲು ರೂಮಿನ ಸೀಲಿಂಗಿಗೆ ಕೈ ಇಟ್ಟು ಆಮೇಲೆ ಆ ಮೆಟ್ಟಿಲ ಸ್ಲ್ಯಾಬಿಗೆ ಕೈ ಇಡಿ. ಅವ್ವ ಸಂಡಿಗೆ ಹಾಕೋದು ಅದರ ಮೇಲೇನೇ.