ಯಂತ್ರಗಳಿವೆ, ಜನ ಎಲ್ಲಿ?

ನಮಸ್ಕಾರ.

ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನೀವು ಹೌಸ್ ಸಂಗೀತದ (ಡಿಸ್ಕೋದಿಂದ ಬೆಳೆದ, ಯಂತ್ರಗಳ ತಾಳಕ್ಕೆ ಕುಣಿಯುವ ಕ್ಲಬ್ ಸಂಗೀತದ) ಕಡೆ ಹೊರಳಿದ್ದು ಹೇಗೆ, ಆ ಸಂಗೀತದ ಬೇರು ಎಲ್ಲಿದೆ ಎಂದು ಬರೆದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಹಾಗಾಗಿ ವಿವರವಾಗಿಯೇ ಬರೆಯುತ್ತಿದ್ದೇನೆ.

ಅರ್ಧ ಲೇಖನ ಯಂತ್ರಗಳಿಗೇ ಹೋಗಿದೆ. ರೋಲ್ಯಾಂಡ್ ಕಂಪನಿಯ ತಾಳಯಂತ್ರಗಳಾದ 808, 909, ಬೇಸ್ ಸದ್ದಿನ ಯಂತ್ರವಾದ 303, ಎಲ್ಲದರ ವಿವರವೂ ಸರಿಯಾಗಿದೆ. ಅವನ್ನು ಬಳಸಿದವರ ಮಾತು ಬಂದಾಗ ಮಾತ್ರ ‘ಶಿಕಾಗೋದ ಕೆಲವು ಯುವಕರು’ ಎಂದು ಮುಗಿಸಿಬಿಟ್ಟಿದ್ದೀರಿ. ಯಾರವರು? 1977ರಲ್ಲಿ ನ್ಯೂಯಾರ್ಕಿನಿಂದ ಬಂದ ಫ್ರ್ಯಾಂಕಿ ನಕಲ್ಸ್ ಡಿಜೆಯಾಗಿದ್ದ ವೇರ್‌ಹೌಸ್ ಕ್ಲಬ್ಬಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಗೇ ಸಮುದಾಯದವರು. ನಕಲ್ಸ್ ಕೂಡ ಅವರಲ್ಲೊಬ್ಬ. ಹೊರಗೆ ಎಲ್ಲಿಯೂ ನಿರಾಳವಾಗಿ ಇರಲಾಗದವರು ಅಲ್ಲಿ ಬೆಳಗಿನತನಕ ಕುಣಿಯುತ್ತಿದ್ದರು. ಓದುಗರಿಗೆ ಮುಜುಗರವಾದೀತೆಂದು ಇದನ್ನು ಬಿಟ್ಟಿದ್ದರೆ, ದಯವಿಟ್ಟು ಆ ಅಳುಕು ಬೇಡ. ಅವರಿಲ್ಲದ ಹೌಸ್ ಚರಿತ್ರೆ ಸುಳ್ಳಾಗುತ್ತದೆ.

1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ವಿರೋಧಿಗಳು ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಅದನ್ನು ನೀವು ‘ಜನರ ಅಭಿರುಚಿ ಬದಲಾಯಿತು’ ಎಂಬ ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅವತ್ತು ಆ ಮೈದಾನದಲ್ಲಿ ಬಂದವರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಎಂಬ ಕಪ್ಪು ಹುಡುಗನಿದ್ದ. ಜನ ತಂದು ಹಾಕಿದ್ದರಲ್ಲಿ ಡಿಸ್ಕೋಗೆ ಸಂಬಂಧವೇ ಇಲ್ಲದ, ಕಪ್ಪು ಕಲಾವಿದರ ರೆಕಾರ್ಡುಗಳೂ ಇದ್ದವು ಎಂದು ಅವನು ಮುಂದೆ ಹೇಳಿದ. 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ‘ಆನ್ ಅಂಡ್ ಆನ್’ ಮಾಡಿದವನೂ ಇದೇ ಲಾರೆನ್ಸ್. ಹೌಸ್ ಸಂಗೀತದ ಮೊದಮೊದಲ ರೆಕಾರ್ಡುಗಳಲ್ಲಿ ಅದೂ ಒಂದು. ನಿಮ್ಮ ಲೇಖನದ ಬೆನ್ನೆಲುಬು ಇಲ್ಲಿದೆ, ಇದಕ್ಕೆ ಒಂದಿಡೀ ಪುಟ ಕೊಡಿ.

303 ಬಗ್ಗೆ ಬರೆದ ಪ್ಯಾರಾ ನನಗೆ ತುಂಬ ಹಿಡಿಸಿತು. ಗಿಟಾರ್ ನುಡಿಸುವವರಿಗೆ ಬೇಸ್ ಸಾಥ್ ಕೊಡಲೆಂದು ಮಾಡಿದ ಪೆಟ್ಟಿಗೆ, ಬೇಸ್ ಗಿಟಾರಿನಂತೆ ಕೇಳಿಸಲೇ ಇಲ್ಲ. ಗಿರಾಕಿಗಳಿಲ್ಲದೆ 1984ರಲ್ಲಿ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಯ ಗುಂಡಿಗಳನ್ನು ಶಿಕಾಗೋದ ಫ್ಯೂಚರ್ ತಂಡದ ಹುಡುಗರು ತಿರುಗಿಸುತ್ತ ಹೋದರು, ಹೊರಟ ವಿಚಿತ್ರ ಸದ್ದನ್ನು ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ಡಿಜೆ ರಾನ್ ಹಾರ್ಡಿ ಹಾಕಿದ, 1987ರಲ್ಲಿ ‘ಆಸಿಡ್ ಟ್ರ್ಯಾಕ್ಸ್’ ರೆಕಾರ್ಡಾಗಿ ಬಂತು. ಆ ಸದ್ದಿನ ಹೌಸ್ ಸಂಗೀತಕ್ಕೆ ಆಸಿಡ್ ಹೌಸ್ ಎಂದು ಹೆಸರಾಯಿತು. ಇದನ್ನು ಬರೆಯುವಾಗ ನಿಮ್ಮ ಬೆರಳೂ ಗುಂಡಿಯ ಮೇಲಿತ್ತು ಅನ್ನಿಸುತ್ತದೆ.

ಚರಣ್‌ಜಿತ್ ಸಿಂಗ್ ಎಂಬ ಹಿಂದಿ ಚಿತ್ರಸಂಗೀತದ ವಾದಕರು 1982ರಲ್ಲಿ ಅದೇ 808, 303 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿದ್ದು ನಿಜ. ‘ಆದ್ದರಿಂದ ಆಸಿಡ್ ಹೌಸ್ ಹುಟ್ಟಿದ್ದು ಭಾರತದಲ್ಲಿ’ ಎಂಬ ಸಾಲನ್ನು ಮಾತ್ರ ತೆಗೆಯಿರಿ. ಆ ರೆಕಾರ್ಡು ಆಗ ಅಷ್ಟಾಗಿ ಮಾರಾಟವಾಗಲಿಲ್ಲ, ಹೊರದೇಶಗಳಲ್ಲಿ ಹೆಸರಾದದ್ದು 2010ರ ಮರುಬಿಡುಗಡೆಯಿಂದ. ಶಿಕಾಗೋದವರು ಅದನ್ನು ಕೇಳಿದ್ದರು ಎಂಬುದಕ್ಕೆ ನೀವು ಆಧಾರ ಕೊಟ್ಟಿಲ್ಲ. ಅದರ ಬದಲು ನೀವೊಬ್ಬರೇ ಬರೆಯಬಹುದಾದದ್ದು ಒಂದಿದೆ: 303ರಲ್ಲಿ ಒಂದು ಸ್ವರ ಇನ್ನೊಂದಕ್ಕೆ ಜಾರುವ ಬಗೆ, ಕರ್ನಾಟಕ ಸಂಗೀತದಲ್ಲಿ ನೀವು ಕಲಿತ ‘ಜಾರು’ ಎಂಬ ಗಮಕ. ಎರಡೂ ಎಲ್ಲಿ ಹತ್ತಿರ ಬರುತ್ತವೆ, ಎಲ್ಲಿ ಬೇರೆಯಾಗುತ್ತವೆ?

ನಿಮ್ಮ ಸ್ವಂತ ಕಥೆ ಕೊನೆಯ ಪ್ಯಾರಾದಲ್ಲಿ ಮುದುಡಿ ಕೂತಿದೆ. ಅದನ್ನು ಮೊದಲಿಗೇ ತನ್ನಿ. ಪಲ್ಲವಿ, ಚರಣ, ನಡುವೆ ಬಿಜಿಎಂ ಎಂದು ಪಳಗಿದ ಕಿವಿಗೆ, ನಾಲ್ಕೂ ಎಣಿಕೆಗೆ ಕಿಕ್ ಡ್ರಮ್ಮಿನ ಪೆಟ್ಟು ಬೀಳುತ್ತ ಏಳೆಂಟು ನಿಮಿಷ ಸಾಗುವ ಸಂಗೀತ ಮೊದಲು ಬೇಸರ ತರಿಸಿತೇ? ಯಾವಾಗ ಹಿಡಿಸಿತು? ‘ಆತ್ಮವನ್ನು ತಟ್ಟಿತು’ ಎಂದು ಮೂರು ಕಡೆ ಬರೆದಿದ್ದೀರಿ, ಮೂರನ್ನೂ ಹೊಡೆದುಹಾಕಿ ಆ ಜಾಗದಲ್ಲಿ ಕೇಳಿದ್ದನ್ನು ಬರೆಯಿರಿ.

ಪದಮಿತಿ 1,500. ಅವಸರವಿಲ್ಲ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ